ತಾಂಬೂಲವೂ ಅರ್ಬುದರೋಗವೂ

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಕ್ಯಾನ್ಸರ್ ಎಂದು ಜನರು ಕರೆಯುವ ಅರ್ಬುದರೋಗದ ಎಲ್ಲ ಕಾರಣಗಳೂ ನಮ್ಮ ಅಧೀನದಲ್ಲಿಲ್ಲ. ವಯಸ್ಸನ್ನಾಗಲಿ ವಂಶವನ್ನಾಗಲಿ ನಾವು ತಿದ್ದಲಾರೆವು. ಆದರೆ ನಮ್ಮ ದೇಶದಲ್ಲಿ ಹೇರಳವಾಗಿರುವ ಬಾಯಿಯ ಅರ್ಬುದಕ್ಕೆ ಬೀಜವನ್ನು ಬಹುಮಟ್ಟಿಗೆ ನಾವೇ ಬಾಯಲ್ಲಿ ಇಟ್ಟುಕೊಳ್ಳುತ್ತೇವೆ.

ಹಿರಿಯರೊಬ್ಬರು ನನ್ನಲ್ಲಿಗೆ ಬಂದಿದ್ದರು. ಕೆನ್ನೆಯ ಒಳಭಾಗ ಬಿಳುಪೇರಿ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಹೊಗೆಸೊಪ್ಪು ಬಿಟ್ಟು ಹತ್ತು ವರುಷವಾಯಿತು, ಸ್ವಾಮಿ, ಈಗ ಬರಿಯ ಅಡಕೆ" ಎಂದರು. ಆ 'ಬರಿಯ' ಎಂಬ ಮಾತಿನಲ್ಲಿಯೇ ನಮ್ಮೆಲ್ಲರ ಭ್ರಾಂತಿ ಅಡಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾಂಗವು ಹೊಗೆಸೊಪ್ಪು ಬೆರೆತ ತಾಂಬೂಲವನ್ನು 1985ರಲ್ಲಿಯೇ ಅರ್ಬುದಕಾರಕವೆಂದು ಸಾರಿತು. 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಕೆಯನ್ನೂ ಅದೇ ಸಾಲಿಗೆ ಸೇರಿಸಿತು. ಅಡಕೆಯ ಸತ್ವವು ಬಾಯಿಯ ಒಳಪೊರೆಯ ಕೆಳಗೆ ನಾರನ್ನು ಬೆಳೆಸಿ ಗಡುಸು ಮಾಡುತ್ತದೆ. ಅಂತಹ ಬಾಯಲ್ಲಿ ಅರ್ಬುದವು ಸುಲಭವಾಗಿ ತಲೆದೋರುತ್ತದೆ. ಬೀಡಿ ಮದ್ಯಗಳು ಕೂಡಿದರಂತೂ ಅಪಾಯವು ಹಲವು ಮಡಿಯಾಗುವುದು.

ಅಡಕೆಯ ತೋಟಗಳನ್ನು ನೆಚ್ಚಿದ ಅನೇಕರು ಈ ಸಭೆಯಲ್ಲಿದ್ದೀರಿ. ನನ್ನ ವಿದ್ಯಾಭ್ಯಾಸಕ್ಕೂ ಆ ಬೆಳೆಯ ಹಣವೇ ಆಧಾರವಾಯಿತು. ಆದುದರಿಂದ ಈ ಮಾತು ನಿಮಗೆಷ್ಟು ಕಹಿಯೋ ನನಗೂ ಅಷ್ಟೇ ಕಹಿ. ಆದರೂ ಅನ್ನವಿತ್ತುದೆಂಬ ಕೃತಜ್ಞತೆಯು ಸತ್ಯವನ್ನು ಮುಚ್ಚಬಾರದು. ವೀಳ್ಯವನ್ನಿತ್ತು ಗೌರವಿಸುವ ಮರ್ಯಾದೆ ಬೇರೆ. ಹಗಲಿರುಳು ಅಗಿಯುವ ಚಟ ಬೇರೆ. ವೀಳ್ಯವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೆ ಗೌರವ ಸಂದಂತೆಯೇ; ಅಗಿಯಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಮಾಡತಕ್ಕುದೇನು? ಎಲೆಯಡಕೆಯ ಸಂಚಿಯನ್ನು ಸೊಂಟದಿಂದ ತೆಗೆದಿಡಿರಿ. ಊಟವಾದ ಬಳಿಕ ಏಲಕ್ಕಿಯೋ ಸೋಂಪೋ ಸಾಕು. ಅಡಕೆಯ ಪುಡಿಯ ಪೊಟ್ಟಣವನ್ನು ತರಲು ಮಕ್ಕಳನ್ನು ಅಂಗಡಿಗೆ ಅಟ್ಟಬೇಡಿರಿ. ತರುವ ಕೈಯೇ ಮುಂದೆ ತಿನ್ನುವ ಕೈಯಾಗುತ್ತದೆ. ಒಬ್ಬರೇ ಬಿಡಲಾರದಿದ್ದರೆ ಮನೆಯವರೆಲ್ಲ ಕೂಡಿ ಬಿಡಿರಿ. ತಿಂಗಳಿಗೊಮ್ಮೆ ಕನ್ನಡಿಯಲ್ಲಿ ಬಾಯಿಯನ್ನು ನೋಡಿಕೊಳ್ಳಿರಿ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ. ಮೊದಲ ಹಂತದಲ್ಲಿ ತಿಳಿದರೆ ಗುಣವಾಗುವ ಆಶೆ ಬಹಳ.

ಆ ಹಿರಿಯರು ಅಡಕೆಯನ್ನೂ ಬಿಟ್ಟರು. ಬಾಯಿ ಮೊದಲಿನಂತೆ ತೆರೆಯಲಿಲ್ಲ. ಕಳೆದುದೆಲ್ಲ ಮರಳಿ ಬಾರದು. ಆದರೆ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುವಾಗ ಮೊಮ್ಮಗನನ್ನೂ ಕರೆತಂದು, "ಇವನಿಗೂ ಹೇಳಿರಿ, ಸ್ವಾಮಿ" ಎನ್ನುತ್ತಾರೆ. ಆ ಮಾತನ್ನೇ ಇಂದು ನಿಮ್ಮೆಲ್ಲರ ಮುಂದೆ ಇಟ್ಟಿದ್ದೇನೆ.