ಒಸಾಕಾದ ಬೀದಿ ಮಾತು



ಜಪಾನ್ ಅಂದಕೂಡಲೇ ನಮಗೆ ನೆನಪಾಗುವುದು ಟೋಕಿಯೊ, ಬುಲೆಟ್ ರೈಲು. ಅದನ್ನೆಲ್ಲ ಪಕ್ಕಕ್ಕಿಡಿ. ಇವತ್ತು ನಿಮ್ಮನ್ನು ಒಸಾಕಾದ ಒಂದು ಬೀದಿಗೆ ಕರೆದೊಯ್ಯುತ್ತೇನೆ. ಹೆಸರು ತೆಂಜಿನ್‌ಬಾಶಿಸುಜಿ. ಸುಮಾರು 2.6 ಕಿಲೋಮೀಟರ್ ಉದ್ದ, ಬಹುಪಾಲು ಮೇಲೆ ಸೂರು, ಎರಡೂ ಕಡೆ ಸುಮಾರು 600 ಅಂಗಡಿ. ಚಹಾಪುಡಿ, ಚಾಕು, ಹಳೇ ಪುಸ್ತಕ, ಎಲ್ಲವೂ ಉಂಟು.

ಅಲ್ಲಿ ಏನಾದರೂ ಕೊಂಡು ನೋಡಿ. ಹಳೇ ಅಂಗಡಿಯವರು "ಓಕಿನಿ" ಅನ್ನುತ್ತಾರೆ. ಟೋಕಿಯೊದಲ್ಲಾದರೆ "ಅರಿಗಾತೊ". ಅರ್ಥ ಒಂದೇ, ಧನ್ಯವಾದ. ಹಾಗಾದರೆ ಎರಡು ಮಾತು ಯಾಕೆ? 1904ರಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದೇ ಶಾಲಾ ಪಠ್ಯ ತಂದಿತು. ಅದಕ್ಕೆ ಟೋಕಿಯೊದ ಮಾತೇ ಮಾದರಿ. ಒಸಾಕಾದ ಮಕ್ಕಳು ಅದನ್ನೇ ಓದಿದರು, ಅದರಲ್ಲೇ ಬರೆದರು, ಪಾಸೂ ಆದರು. ಬೀದಿಗೆ ಬಂದರೆ ಮಾತ್ರ ತಮ್ಮ ಮಾತು! ಯಾರೂ ನಾಚಿಕೊಳ್ಳಲಿಲ್ಲ.

ಎಲ್ಲವೂ ಉಳಿಯಿತೆಂದಲ್ಲ. "ಲಾಭ ಆಗ್ತಿದೆಯಾ?" ಎಂದು ವರ್ತಕರು ಕೇಳಿಕೊಳ್ಳುತ್ತಿದ್ದ "ಮೋಕರಿಮಕ್ಕಾ" ಈಗ ಹೆಚ್ಚಾಗಿ ತಮಾಷೆಯ ಮಾತು. ಆದರೆ ಇಬ್ಬರು ನಿಂತು ಮಾತಲ್ಲೇ ಕಿತ್ತಾಡುವ ಮಂಝಾಯ್ ಎಂಬ ಹಾಸ್ಯವಿದೆಯಲ್ಲ, ಅದು ಒಸಾಕಾದ ಮಾತನ್ನು ರೇಡಿಯೊ, ಟಿವಿಯಲ್ಲಿ ಟೋಕಿಯೊದವರ ಮನೆಯೊಳಗೇ ನುಗ್ಗಿಸಿತು. (ಒಸಾಕಾದವರಿಗೆ ಹಟವೂ ಇದೆ. ಟೋಕಿಯೊದವರು ಎಸ್ಕಲೇಟರಿನಲ್ಲಿ ಎಡಕ್ಕೆ ನಿಂತರೆ ಇವರು ಬಲಕ್ಕೆ!)

ಈ ಬೀದಿಗೆ ಕಾಲಗಳೂ ಮಾತಿನ ಜೊತೆಗೇ ಬರುತ್ತವೆ. ಏಪ್ರಿಲ್‌ನಲ್ಲಿ ದಕ್ಷಿಣದ ತುದಿಯಿಂದ ಸ್ವಲ್ಪ ನಡೆದರೆ ಸರ್ಕಾರಿ ಟಂಕಸಾಲೆ. ಚೆರ್ರಿ ಹೂ ಬಿಟ್ಟಾಗ ಸುಮಾರು ಒಂದು ವಾರ ಅದರ ಗೇಟು ಜನರಿಗೆ ತೆರೆಯುತ್ತದೆ. 1883ರಲ್ಲಿ ಶುರುವಾದ ರೂಢಿ ಇದು. ಜೂನ್‌ನಲ್ಲಿ ಜಡಿಮಳೆ. ನಮ್ಮ ರೈತ ಮಳೆಗೆ ನಕ್ಷತ್ರದ ಹೆಸರಿಟ್ಟ. ಅವರು ಆಗ ಮಾಗುವ ಹಣ್ಣಿನ ಹೆಸರಿಟ್ಟು "ಪ್ಲಮ್ ಮಳೆ" ಎಂದು ಬರೆಯುತ್ತಾರೆ. ಮಳೆ ನಿಂತರೆ ಬೆವರಿಳಿಸುವ ಸೆಕೆ, ಕಿವಿಗಡಚಿಕ್ಕುವ ಜೀರುಂಡೆ. ಹೋಟೆಲುಗಳ ಮುಂದೆ ಚೀಟಿ ತೂಗುತ್ತದೆ: "ತಣ್ಣನೆಯ ನೂಡಲ್ಸ್ ಶುರುವಾಗಿದೆ." ಜುಲೈ 24, 25ರಂದು ಅಲ್ಲೇ ಇರುವ ತೆಂಮಾಂಗು ಗುಡಿಯ ಜಾತ್ರೆ. ದೇವರು ವಿದ್ಯೆಯ ದೇವರು. 25ರ ರಾತ್ರಿ ನದಿಯಲ್ಲಿ ದೋಣಿ ಮೆರವಣಿಗೆ, ಆಕಾಶದಲ್ಲಿ ಬಾಣಬಿರುಸು.

ಚಳಿಗಾಲದಲ್ಲಿ ಬಿಸಿಕಲ್ಲಿನ ಮೇಲೆ ಸುಟ್ಟ ಗೆಣಸು. ರಾಗ ಎಳೆದು ಕೂಗುತ್ತ ಗಲ್ಲಿಗಲ್ಲಿ ಸುತ್ತುವ ಗೆಣಸಿನ ಗಾಡಿಗಳು ಈಗ ವಿರಳ. ಸೂಪರ್‌ಮಾರ್ಕೆಟ್‌ಗಳು ಬಾಗಿಲಲ್ಲೇ ಯಂತ್ರವಿಟ್ಟು ಗೆಣಸು ಸುಡುತ್ತಿವೆ. ಜನ ಅಲ್ಲೇ ಕೊಳ್ಳುತ್ತಾರೆ, ಕೂಗು ಕೇಳಿದಾಗ ಮಾತ್ರ ಕಿಟಕಿ ತೆರೆದು ನೋಡುತ್ತಾರೆ.