ಮನೆಯಲ್ಲೇ ಕಲಿಯುವ ಮಕ್ಕಳ ಹೊಸ ವರ್ಷ: ಪುಣೆಯ ಕನ್ನಡ ಕುಟುಂಬಗಳ ಸಿದ್ಧತೆ



ಮಗುವನ್ನು ಶಾಲೆಗೆ ಸೇರಿಸದೆ, ಇಲ್ಲವೇ ಸೇರಿಸಿದ ಮೇಲೆ ಬಿಡಿಸಿ, ಅದರ ಕಲಿಕೆಯ ಪೂರ್ಣ ಹೊಣೆಯನ್ನು ತಂದೆತಾಯಿಗಳೇ ಹೊರುವ ಪದ್ಧತಿಗೆ ಗೃಹಶಿಕ್ಷಣವೆಂದೂ, ಪೇಟೆಯ ಮಾತಿನಲ್ಲಿ ಹೋಮ್‌ಸ್ಕೂಲಿಂಗ್ ಎಂದೂ ಹೆಸರಿದೆ. ಪುಣೆಯಂಥ ನಗರದಲ್ಲಿ ಈ ದಾರಿ ಹಿಡಿದ ಕುಟುಂಬಗಳು ಕಾಣಸಿಗುತ್ತವೆ. ಕನ್ನಡ ಮನೆಗಳಲ್ಲೂ ಅದರ ಚರ್ಚೆ ನಡೆಯುತ್ತಿದೆ. ಕಾವೇರಿ ಶಿಕ್ಷಣ ಸಂಸ್ಥೆಗಳನ್ನೂ ಡಾ. ಕಲ್ಮಾಡಿ ಶಾಮರಾವ್ ಪ್ರೌಢಶಾಲೆಯನ್ನೂ ಕಟ್ಟಿ ನಡೆಸಿಕೊಂಡು ಬಂದ ಕನ್ನಡಿಗರ ಊರಿನಲ್ಲಿ ಈ ವಿಷಯವನ್ನೆತ್ತುವುದು ಶಾಲೆಯನ್ನು ಹಳಿಯುವುದಕ್ಕಾಗಿ ಅಲ್ಲ. ಜೂನ್ ತಿಂಗಳ ನಡುವೆ ಮಹಾರಾಷ್ಟ್ರದ ಶಾಲೆಗಳ ಬಾಗಿಲು ತೆರೆಯುವಾಗ ಮನೆಯಲ್ಲಿ ಕಲಿಯುವ ಮಕ್ಕಳ ವರ್ಷವೂ ಆರಂಭವಾಗುತ್ತದೆ. ಆ ವರ್ಷಕ್ಕೆ ಬೇಕಾದ ಸಿದ್ಧತೆ ಯಾವುದು, ಅದರಲ್ಲಿ ಕನ್ನಡದ ಪಾಲೆಷ್ಟು ಎಂಬುದು ಇಲ್ಲಿ ವಿಚಾರಕ್ಕೆ ಬಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಪುಣೆಯ ಇತಿಹಾಸದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಜನಿಸಿದ್ದು ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು. ಹೆಣ್ಣಿಗೆ ಸಂಸ್ಕೃತ ಕಲಿಸುವುದು ಅಪರಾಧವೆಂದು ಸಮಾಜ ತಿಳಿದಿದ್ದ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಯವರಿಗೆ ಶಾಸ್ತ್ರಗಳನ್ನು ಕಲಿಸಿದರು, ಆ ಕಾರಣಕ್ಕೆ ಎದ್ದ ಆಕ್ಷೇಪಕ್ಕೆ ಶಾಸ್ತ್ರಪ್ರಮಾಣಗಳಿಂದಲೇ ಉತ್ತರ ಕೊಟ್ಟರು. ಬಾಲ್ಯದಲ್ಲಿ ರಮಾಬಾಯಿಯವರು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಸುಮಾರು ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ ತಾಯಿಯೇ ಅವರ ಗುರು. ಹಗಲು ಮನೆಗೆಲಸಕ್ಕೆ ಮೀಸಲಾಗಿದ್ದುದರಿಂದ ನಸುಕಿನಲ್ಲಿ, ಹಕ್ಕಿಗಳು ಕೂಗತೊಡಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗುವನ್ನು ತಾಯಿ ಮುದ್ದಿನ ಮಾತಾಡಿ ಎಬ್ಬಿಸುತ್ತಿದ್ದರು. ಪುಸ್ತಕವಿಲ್ಲ, ಹಲಗೆಯಿಲ್ಲ, ತಾಯಿಯ ಬಾಯಿಂದ ಬಂದ ಶ್ಲೋಕವನ್ನು ಮಗು ಹಿಂದೆಯೇ ಹೇಳುತ್ತಿತ್ತು. ಹೀಗೆ ಕಲಿತ ಹೆಣ್ಣುಮಗಳಿಗೆ 1878ರಲ್ಲಿ ಕಲ್ಕತ್ತದ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸ್ತ್ರೀಶಿಕ್ಷಣದ ಪರವಾಗಿ ಸಾಕ್ಷ್ಯ ನುಡಿದರು.

ತಾಯಿ ತಮಗೆ ಮಾಡಿದ ಅತಿ ದೊಡ್ಡ ಉಪಕಾರವನ್ನು ರಮಾಬಾಯಿಯವರು ಆತ್ಮನಿವೇದನೆಯಲ್ಲಿ ಗುರುತಿಸಿದ್ದಾರೆ: ಹೆಚ್ಚಿನ ನೆರವಿಲ್ಲದೆ ಮುಂದಿನ ಕಲಿಕೆಯನ್ನು ತಾನೇ ನಡೆಸಿಕೊಂಡು ಹೋಗಬಲ್ಲಂತೆ ತಾಯಿ ಅವರ ಮನಸ್ಸನ್ನು ಪಳಗಿಸಿದ್ದರು. ಗೃಹಶಿಕ್ಷಣದ ಗುರಿಯನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಆದರೆ ಅದೇ ಬರಹದಲ್ಲಿ ಇನ್ನೊಂದು ಮುಖವೂ ಇದೆ. ದಕ್ಷಿಣದ ಭೀಕರ ಬರಗಾಲದಲ್ಲಿ, 1874ರ ಸುಮಾರಿಗೆ, ಆ ಕುಟುಂಬ ಹಸಿವಿನಿಂದ ನಲುಗಿ ತಂದೆತಾಯಿಗಳು ತೀರಿಕೊಂಡಾಗ, ಶಾಸ್ತ್ರವೊಂದನ್ನುಳಿದು ಬದುಕಿಗೆ ಆಧಾರವಾಗುವ ಯಾವ ಲೌಕಿಕ ವಿದ್ಯೆಯೂ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುಂದೆ ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಹೊಲಿಗೆ, ಮುದ್ರಣ, ಬೇಸಾಯಗಳನ್ನು ಹೆಣ್ಣುಮಕ್ಕಳಿಗೆ ಕಲಿಸಿದ್ದನ್ನು ಆ ಕೊರತೆಗೆ ಕೊಟ್ಟ ಉತ್ತರವೆಂದೇ ಓದಬೇಕಾಗುತ್ತದೆ. ಮನೆ ತನಗೆ ಗೊತ್ತಿದ್ದುದನ್ನು ಸೊಗಸಾಗಿ ಕಲಿಸುತ್ತದೆ. ತನಗೆ ಗೊತ್ತಿಲ್ಲದಿರುವುದು ಯಾವುದೆಂದು ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಹೊಸ ವರ್ಷದ ಸಿದ್ಧತೆಯೆಲ್ಲ ಈ ಎರಡು ಸಂಗತಿಗಳ ನಡುವೆ ನಡೆಯಬೇಕಾದ ಕೆಲಸ.

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರದ ಮತ್ತೊಂದು ನಿದರ್ಶನ ಶಿವರಾಮ ಕಾರಂತರದು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಅವರು ತಮ್ಮ ಮಕ್ಕಳಿಗೆ ಆರಂಭದ ವರ್ಷಗಳ ಪಾಠವನ್ನು ಮನೆಯಲ್ಲೇ ಕೊಡಿಸಿದರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನೂ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಕುಳಿತು ಬರೆದರು. ಮಗುವಿನ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸಿಗಬೇಕಾದರೆ ದೊಡ್ಡವರು ಎಷ್ಟು ದುಡಿಯಬೇಕು ಎಂಬುದಕ್ಕೆ ಆ ಏಳು ಸಂಪುಟಗಳೇ ಸಾಕ್ಷಿ.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 21ಎ ವಿಧಿಯನ್ನು ಆಧರಿಸಿ ರೂಪುಗೊಂಡ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸುತ್ತದೆ. ಅಲ್ಲಿ ‘ಕಡ್ಡಾಯ’ವೆಂಬ ಹೊಣೆ ಮುಖ್ಯವಾಗಿ ಸರ್ಕಾರದ ಮೇಲೆ ಬೀಳುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಹತ್ತನೆಯ ಕಲಂ ಹೇಳುತ್ತದೆಯಾದರೂ ಸೇರಿಸದವರಿಗೆ ದಂಡ ವಿಧಿಸುವುದಿಲ್ಲ. ಗೃಹಶಿಕ್ಷಣವನ್ನು ಹೆಸರಿಸಿ ಒಪ್ಪುವುದೂ ಇಲ್ಲ, ನಿಷೇಧಿಸುವುದೂ ಇಲ್ಲ. ಆದ್ದರಿಂದ ಈ ದಾರಿ ಹಿಡಿದವರು ದಾಖಲೆ ಇಡುವುದರಲ್ಲಿ ಶಾಲೆಗಿಂತ ಹೆಚ್ಚು ಶಿಸ್ತಿನವರಾಗಿರಬೇಕಾಗುತ್ತದೆ.

ಪ್ರಮಾಣಪತ್ರದ ದಾರಿ ಮುಚ್ಚಿಲ್ಲ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರೂ ಎನ್‌ಐಒಎಸ್ ಎಂದು ಕರೆಯುವ ಸಂಸ್ಥೆಯು, ಶಾಲೆಗೆ ಹೋಗದವರೂ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತದೆ. ಪುಣೆಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಹದಿನಾಲ್ಕು ತುಂಬಿದ ಮಗು ಹತ್ತನೆಯ ಹಂತಕ್ಕೆ ಹೆಸರು ನೋಂದಾಯಿಸಬಹುದು, ಐದು ವಿಷಯಗಳನ್ನು ಐದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಮುಗಿಸಬಹುದು, ಭಾಷಾ ವಿಷಯವಾಗಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ಮಹಾರಾಷ್ಟ್ರ ಸರ್ಕಾರವು ತನ್ನದೇ ಆದ ಮುಕ್ತ ಶಾಲಾ ಮಂಡಳಿಯ ಮೂಲಕ ಐದು, ಎಂಟು, ಹತ್ತು, ಹನ್ನೆರಡನೆಯ ಹಂತದ ಪರೀಕ್ಷೆಗಳ ವ್ಯವಸ್ಥೆ ಮಾಡಿದೆ. ಎಂಟು ವರ್ಷದ ಮಗುವಿನ ಮನೆಗೆ ಹತ್ತನೆಯ ತರಗತಿಯ ಆತಂಕ ನುಗ್ಗದಿರಲಿ ಎಂಬುದಕ್ಕಾಗಿಯೇ ಈ ವಿವರಗಳನ್ನು ಮೊದಲು ತಿಳಿದಿಟ್ಟುಕೊಳ್ಳಬೇಕು.

ಸಿದ್ಧತೆಯೆಂದೊಡನೆ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಿಗೆ ಹೋಗಿ ಚೀಲ ತುಂಬಿಸಿಕೊಂಡು ಬರುವುದೂ, ಗಂಟೆಗಂಟೆಯ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವುದೂ ನೆನಪಾಗುವುದು ಸಹಜ. ಆದರೆ ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಕಳೆದ ವರ್ಷದ ಕಡತವನ್ನು ಬಿಚ್ಚಿ ಕೂರುವುದು. ಮಗು ಬರೆದ ನೋಟ್‌ಪುಸ್ತಕ, ಬಿಡಿಸಿದ ಚಿತ್ರ, ಅರ್ಧಕ್ಕೆ ಬಿಟ್ಟ ಲೆಕ್ಕ, ತಾನಾಗಿ ಎರಡು ಸಲ ಓದಿದ ಪುಸ್ತಕದ ಹೆಸರು, ಇವನ್ನೆಲ್ಲ ದಿನಾಂಕದೊಡನೆ ಜೋಡಿಸಿಟ್ಟ ಕಡತವು ಅಂಕಪಟ್ಟಿ ಹೇಳದ ಸಂಗತಿಯನ್ನು ಹೇಳುತ್ತದೆ: ಹೇಳಿಕೊಟ್ಟಿದ್ದು ಯಾವುದು, ಮಗು ತಾನೇ ಮುಂದುವರಿಸಿದ್ದು ಯಾವುದು. ಎರಡನೆಯದನ್ನು ಹಿಡಿದು ಹೊಸ ವರ್ಷದ ಯೋಜನೆ ಆರಂಭವಾಗಬೇಕು. ನಲವತ್ತು ಮಕ್ಕಳ ತರಗತಿಗೆ ಬೇಕಾದ ಆರು ಗಂಟೆಗಳನ್ನು ಒಬ್ಬ ಮಗುವಿನ ಮೇಲೆ ಹೇರುವುದು ಅನ್ಯಾಯ. ಸಣ್ಣ ಮಕ್ಕಳಿಗೆ ಕುಳಿತು ಮಾಡುವ ಪಾಠ ಎರಡು ಮೂರು ಗಂಟೆ ಧಾರಾಳವಾಗಿ ಸಾಕು. ಶಾಲೆಯಿಂದ ಈಗಷ್ಟೇ ಬಿಡಿಸಿದ ಮಗುವಿಗಂತೂ, ಗಂಟೆ ಬಾರಿಸಿದಾಗ ಏಳುವ, ಕೇಳಿದಾಗಷ್ಟೇ ಉತ್ತರಿಸುವ ರೂಢಿ ಕಳಚಿಕೊಳ್ಳುವವರೆಗೆ ಕೆಲವು ವಾರಗಳ ಬಿಡುವು ಕೊಡಬೇಕು.

ಇನ್ನು ಭಾಷೆಯ ವಿಚಾರ. ಪುಣೆಯ ಕನ್ನಡ ಮನೆಗಳಲ್ಲಿ ಕನ್ನಡ ಊಟಕ್ಕೆ ಕರೆಯುವುದಕ್ಕೆ, ಗದರುವುದಕ್ಕೆ, ಊರಿಗೆ ಫೋನ್ ಮಾಡುವುದಕ್ಕೆ ಉಳಿದುಕೊಂಡಿದೆ; ಗಣಿತ ಮತ್ತು ವಿಜ್ಞಾನ ಬಂದ ಕೂಡಲೇ ಮಾತು ಇಂಗ್ಲಿಷಿಗೆ ಹೊರಳುತ್ತದೆ. ಮನೆಯಲ್ಲೇ ಕಲಿಯುವ ಮಗುವಿಗೆ ಈ ಹೊರಳುವಿಕೆ ಅನಿವಾರ್ಯವಲ್ಲ. ಮನೆಮಾತಿನಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಕಲಿಸುವುದು ಒಳಿತೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದನ್ನು ಆಚರಣೆಗೆ ತರಲು ಬೇರೆ ರಾಜ್ಯದಲ್ಲಿರುವ ಶಾಲೆಗೆ ನೂರು ತೊಡಕುಗಳಿದ್ದರೆ, ಮನೆಗೆ ಒಂದೂ ಇಲ್ಲ. ಅನೇಕರ ಗಮನಕ್ಕೆ ಬಾರದ ಸಂಗತಿಯೆಂದರೆ, ಇದಕ್ಕೆ ಬೇಕಾದ ಪಠ್ಯಪುಸ್ತಕಗಳು ಪುಣೆಯಲ್ಲೇ ತಯಾರಾಗುತ್ತವೆ. 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ನಿರ್ಮಾಣ ಮಂಡಳವು, ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಗಾಗಿ ಗಣಿತ, ವಿಜ್ಞಾನ, ಪರಿಸರ ಅಧ್ಯಯನದ ಪುಸ್ತಕಗಳನ್ನು ಕನ್ನಡದಲ್ಲಿ ಪ್ರಕಟಿಸುತ್ತದೆ. ಅವುಗಳಲ್ಲಿ ಸಹ್ಯಾದ್ರಿಯೂ ಶಿವಾಜಿ ಮಹಾರಾಜರೂ ಕನ್ನಡದಲ್ಲಿ ಬರುತ್ತಾರೆ. ಪುಣೆಯ ಮಗುವಿಗೆ ಇದಕ್ಕಿಂತ ಹೊಂದುವ ಪುಸ್ತಕ ಬೆಂಗಳೂರಿನಿಂದಲೂ ಬರಲಾರದು. ಕತೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಸಚಿತ್ರ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ.

ಪ್ರಯೋಗಕ್ಕೂ ಪುಣೆಯೇ ನೆರವಾಗುತ್ತದೆ. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ದುಡಿದು, 1978ರಲ್ಲಿ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಶಿಕ್ಷಣದ ಕಾರ್ಯಕ್ರಮ ಸೇರಿದ ಅರವಿಂದ ಗುಪ್ತಾ ಅವರು, ಪುಣೆ ವಿಶ್ವವಿದ್ಯಾಲಯದ ಆವರಣದ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ದಶಕಕ್ಕೂ ಹೆಚ್ಚು ಕಾಲ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದರು. ಅವರು ಪ್ರಚಾರಕ್ಕೆ ತಂದ ಒಂದು ಪ್ರಯೋಗಕ್ಕೆ ಬೇಕಾದದ್ದು ಬೆಂಕಿಕಡ್ಡಿ, ಮತ್ತು ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬು. ಟ್ಯೂಬನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಕಡ್ಡಿಗಳ ತುದಿಗಳನ್ನು ಅವುಗಳೊಳಗೆ ಸಿಕ್ಕಿಸಿ ಮಗು ನಾಲ್ಕು ಕಡ್ಡಿಗಳ ಚೌಕ ಮಾಡುತ್ತದೆ. ಬೆರಳಿಂದ ಒತ್ತಿದರೆ ಚೌಕ ಒಂದು ಕಡೆಗೆ ವಾಲಿ ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಭುಜವನ್ನು ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಚೌಕದ ಮೂಲೆಯಿಂದ ಎದುರು ಮೂಲೆಗೆ ಇನ್ನೊಂದು ಕಡ್ಡಿ ಹಾಕಹೊರಟರೆ ಅದು ಸಾಲದೆ ಬರುತ್ತದೆ, ಉದ್ದದ ಕಡ್ಡಿ ಹುಡುಕಬೇಕಾಗುತ್ತದೆ. ಕರ್ಣವು ಬಾಹುವಿಗಿಂತ ಉದ್ದವೆಂಬುದು ಯಾರೂ ಹೇಳದೆ ಕೈಗೆ ತಿಳಿಯುತ್ತದೆ. ಮರುದಿನ ಅದೇ ಮಗು ರೈಲ್ವೆ ಸೇತುವೆಯ ಉಕ್ಕಿನ ಚೌಕಟ್ಟಿನಲ್ಲಿ, ವಿದ್ಯುತ್ ಗೋಪುರದಲ್ಲಿ ತ್ರಿಭುಜಗಳನ್ನು ಎಣಿಸತೊಡಗಿದರೆ ಪಾಠ ಮುಗಿದಿಲ್ಲವೆಂದು ತಿಳಿಯಬೇಕು.

ಅಡುಗೆಮನೆಯಲ್ಲೂ ಇಂಥ ಅಧ್ಯಯನಕ್ಕೆ ಅವಕಾಶವಿದೆ. ರುಬ್ಬಿಟ್ಟ ದೋಸೆ ಹಿಟ್ಟು ಏಪ್ರಿಲ್‌ನಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ, ಪುಣೆಯ ಡಿಸೆಂಬರ್ ಚಳಿಯಲ್ಲಿ ಬೆಳಗಾದರೂ ಉಬ್ಬುವುದಿಲ್ಲ. ಪಾತ್ರೆಯ ಹೊರಗೆ ಗೆರೆ ಎಳೆದು, ಹಿಟ್ಟು ಏರಿದ ಎತ್ತರವನ್ನೂ ಗಂಟೆಯನ್ನೂ ಕೋಣೆಯ ಉಷ್ಣತೆಯನ್ನೂ ವರ್ಷವಿಡೀ ಬರೆದಿಡುವ ಮಗುವಿಗೆ ಹುದುಗುವಿಕೆ, ಅಂದರೆ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ಆಮ್ಲವನ್ನಾಗಿಯೂ ಅನಿಲವನ್ನಾಗಿಯೂ ಮಾರ್ಪಡಿಸುವ ಕ್ರಿಯೆ, ಕನ್ನಡದಲ್ಲೇ ಅರ್ಥವಾಗುತ್ತದೆ. ನಕ್ಷೆ ಬರೆಯುವುದೂ ಬರುತ್ತದೆ.

ಆದರೆ ಹೊರಗಿನದನ್ನು ಮನೆ ಕಲಿಸಲಾರದು. ಮರಾಠಿ ಬಾರದ ಪುಣೆಯ ಮಗು ತನ್ನ ಊರಿನಲ್ಲೇ ಪರಕೀಯವಾಗುತ್ತದೆ. ಮಂಡಯಿ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವುದು, ಬಸ್ಸಿನ ದಾರಿ ಕೇಳುವುದು, ನೆರೆಮನೆಯ ಅಜ್ಜಿಯ ಬಳಿ ಕತೆ ಕೇಳುವುದು ಯೋಜನೆಯೊಳಗೇ ಬರೆದಿರಬೇಕು. ಸಮವಯಸ್ಕರ ಒಡನಾಟ, ಜಗಳ, ರಾಜಿ, ತಂಡದ ಆಟ ಇವುಗಳ ಕೊರತೆ ಗೃಹಶಿಕ್ಷಣದ ಮೇಲಿನ ಆಕ್ಷೇಪಗಳಲ್ಲೆಲ್ಲ ನ್ಯಾಯವಾದುದು. ವಾರಕ್ಕೆ ಕೆಲವು ಸಂಜೆಗಳನ್ನಾದರೂ ಮೈದಾನಕ್ಕೆ ಕೊಡಲಾಗದ ಕುಟುಂಬ ಮಗುವನ್ನು ಶಾಲೆಗೆ ಕಳುಹಿಸುವುದೇ ಲೇಸು. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಲಕ್ಷ್ಮೀಬಾಯಿಯವರು ಹಗಲಿನ ದುಡಿಮೆಗೆ ಮುನ್ನ ನಸುಕಿನಲ್ಲಿ ಪಾಠ ಹೇಳಬೇಕಾಗಿ ಬಂತು. ಇಂದಿಗೂ ಗೃಹಶಿಕ್ಷಣವೆಂದರೆ ಬಹುಪಾಲು ತಾಯಿ ಉದ್ಯೋಗ ಬಿಡುವುದೆಂದೇ ಆಗುತ್ತಿದೆ. ಯಾವ ವಿಷಯ ತಂದೆಯದು, ಯಾವ ದಿನ ತಂದೆಯದು ಎಂಬುದು ಜೂನ್‌ಗೆ ಮುಂಚೆ ಕಾಗದದ ಮೇಲೆ ಇಳಿಯದಿದ್ದರೆ ದೀಪಾವಳಿಯ ಹೊತ್ತಿಗೆ ಆ ಮನೆಯ ಪಾಠ ನಿಂತುಹೋಗುತ್ತದೆ.

ಮನೆಗೆ ಗೊತ್ತಿಲ್ಲದಿರುವುದನ್ನು ತುಂಬಿಕೊಡುವ ಶಕ್ತಿ ಪುಣೆಯ ಕನ್ನಡಿಗರ ಈ ಸಂಘಕ್ಕಿದೆ. ಈ ಸಭಾಂಗಣದಲ್ಲಿ ಕುಳಿತವರಲ್ಲಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ದಾದಿಯರಿದ್ದಾರೆ, ಹೋಟೆಲ್ ನಡೆಸುವವರಿದ್ದಾರೆ, ಹಾಡುವವರೂ ಯಕ್ಷಗಾನ ಬಲ್ಲವರೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಇವರಲ್ಲಿ ಒಬ್ಬೊಬ್ಬರು ತಮ್ಮ ಕಸುಬನ್ನು ಮಕ್ಕಳ ಮುಂದೆ ಕನ್ನಡದಲ್ಲಿ, ಕೈಯಲ್ಲಿ ಮಾಡಿ ತೋರಿಸಿದರೆ ಅದರ ಲಾಭ ಮನೆಯಲ್ಲಿ ಕಲಿಯುವವರಿಗಷ್ಟೇ ಅಲ್ಲ, ಶಾಲೆಗೆ ಹೋಗುವವರಿಗೂ ಸಿಗುತ್ತದೆ. ಸಂಘದ ಗ್ರಂಥಾಲಯದಲ್ಲಿ ಬಾಲಭಾರತಿಯ ಕನ್ನಡ ಪುಸ್ತಕಗಳಿಗೊಂದು ಕಪಾಟು, ಮಕ್ಕಳು ಕೆಳಗೆ ಕುಳಿತು ಓದಲು ಒಂದು ಜಮಖಾನೆ, ಕಸುಬು ತೋರಿಸಲು ಒಪ್ಪುವವರು ಹೆಸರು ಬರೆಯಲು ಒಂದು ರಿಜಿಸ್ಟರು: ಇಷ್ಟನ್ನು ಮೇ ತಿಂಗಳೊಳಗೆ ಒದಗಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ವೇದಿಕೆಯಿಂದ ವಿನಂತಿಸಲಾಗುತ್ತಿದೆ.