ಪರಂಗಿಯ ಬೆಳೆಯೂ ಅದರ ರೋಗರಕ್ಷಣೆಯೂ

(ವಿಜಯನಗರದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಾಸೋಹದ ಪಂಕ್ತಿಗೆ ಬಡವನ ಹಿತ್ತಿಲಿನಿಂದಲೂ ಬರಬಲ್ಲ ಹಣ್ಣು ಪರಂಗಿ. ಅದು ಪರದೇಶದ್ದೆಂಬುದನ್ನು ಹೆಸರೇ ಸಾರುತ್ತದೆ. ಅಮೆರಿಕಾ ಖಂಡದ ಈ ಗಿಡವನ್ನು ಇತ್ತ ತಂದವರು ಪೋರ್ಚುಗೀಸರು. ವರ್ಷ ತುಂಬುವುದರೊಳಗೆ ಫಲವೀಯುವ ಈ ಉದಾರ ವೃಕ್ಷಕ್ಕೆ ಉಂಗುರಚುಕ್ಕೆಯೆಂಬ ನಂಜುರೋಗವು ಮೃತ್ಯುವಾಗಿ ಬಂದಿದೆ.

ರೋಗ ತಗಲಿದ ಗಿಡದ ಸುಳಿಯೆಲೆಗಳು ಹಳದಿಯ ಮಚ್ಚೆಗಳಿಂದ ಕೂಡಿ ಸುರುಟಿಕೊಂಡು, ಕ್ರಮೇಣ ದಾರದಂತೆ ಕಿರಿದಾಗುವುವು. ಕಾಂಡದಲ್ಲಿಯೂ ಎಲೆದೇಟಿನಲ್ಲಿಯೂ ಎಣ್ಣೆ ಸವರಿದಂತಹ ಗೆರೆಗಳು, ಕಾಯಿಯ ಮೇಲೆ ಉಂಗುರಗಳು ತೋರುವುವು, ಹಣ್ಣು ಸಪ್ಪೆಯಾಗುವುದು. ಇದನ್ನು ಹರಡುವುದು ಸಸ್ಯಹೇನು. ಅದು ರೋಗದ ಗಿಡವನ್ನು ಕೆಲವು ಕ್ಷಣ ಚುಚ್ಚಿ, ಬಳಿಕ ನೆರೆಯ ಗಿಡವನ್ನು ಚುಚ್ಚಿದರೆ ಸಾಕು, ನಂಜು ದಾಟಿಹೋಗುವುದು. ಔಷಧದಿಂದ ಹೇನು ಸಾಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಅಂಗಡಿಯ ಸೀಸೆಯನ್ನೇ ನಂಬಿದವರ ಹಣ ಪೋಲಾಗುವುದು ಇದರಿಂದಲೇ.

ವಿಜಯನಗರಕ್ಕೆ ಬಹುದೂರವಲ್ಲದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಸನ್‌ರೈಸ್ ಸೋಲೋ’, ‘ಪಿಂಕ್ ಫ್ಲೆಶ್ ಸ್ವೀಟ್’ ಎಂಬೆರಡನ್ನು ಕೂಡಿಸಿ ‘ಸೂರ್ಯ’ವೆಂಬ ತಳಿಯನ್ನು ಪಡೆದರು. ಇದರಲ್ಲಿ ಬರಿಯ ಗಂಡುಗಿಡಗಳು ಹುಟ್ಟವಾದುದರಿಂದ ಒಂದು ಕುಳಿಯೂ ವ್ಯರ್ಥವಾಗದು. ಗಿಡವೊಂದಕ್ಕೆ 55ರಿಂದ 65 ಕಿಲೋ ಹಣ್ಣು. ಆದರೆ ಇಳುವರಿಯುಳ್ಳ ತಳಿಯು ರೋಗವನ್ನು ತಡೆಯುವ ತಳಿಯಲ್ಲ. ಆ ಶಕ್ತಿಯಿರುವುದು ‘ವಾಸ್ಕೊನ್ಸೆಲಿಯ ಕಾಲಿಫ್ಲೋರ’ವೆಂಬ ಕಾಡುಬಂಧುವಿನಲ್ಲಿ. ಇವೆರಡೂ ಸುಲಭವಾಗಿ ಕೂಡವು. ಹೂವಿನ ಶಲಾಕೆಗೆ ಸಕ್ಕರೆಯ ದ್ರಾವಣವನ್ನು ಲೇಪಿಸಿ ಸಂಸ್ಥೆಯವರು ಸಂಕರಕ್ಕೆ ಯತ್ನಿಸಿದ್ದಾರೆ. ಹವಾಯಿ ದ್ವೀಪದಲ್ಲಿ ರೋಗಾಣುವಿನದೇ ಒಂದು ಅಂಶವನ್ನು ಗಿಡದೊಳಗಿರಿಸಿ ಮಾಡಿದ ‘ರೇನ್‌ಬೋ’ ತಳಿಯು 1998ರಲ್ಲಿ ರೈತರ ಕೈಸೇರಿತು. ಅದು ಅಲ್ಲಿಯ ನಂಜಿಗೆ ತಕ್ಕುದು, ಎಲ್ಲ ದೇಶದ ನಂಜಿಗೂ ಅಲ್ಲ.

ಆದುದರಿಂದ ಇಲ್ಲಿಯ ಬೆಳೆಗಾರನು ರೋಗವನ್ನು ತಡವಾಗಿಸುವುದರಲ್ಲಿಯೇ ಜಾಣ್ಮೆಯನ್ನು ತೋರತಕ್ಕದ್ದು. ಎಳೆತನದಲ್ಲಿ ನಂಜೇರಿದ ಗಿಡವು ಫಲ ಕಾಣದು. ಕಾಯಿ ಕಚ್ಚಿದ ಮೇಲೆ ಏರಿದರೆ ಒಂದಿಷ್ಟಾದರೂ ಕೈಗೆ ಬಂದೀತು. ಸಸಿಗಳನ್ನು ಒತ್ತಾದ ನೈಲಾನ್ ಪರದೆಯೊಳಗೆ ಬೆಳೆಸಬೇಕು. ತೋಟದ ಸುತ್ತ ಮುಸುಕಿನ ಜೋಳವನ್ನು ಮುಂಚಿತವಾಗಿಯೇ ಬಿತ್ತಿದರೆ, ಹಾರಿಬಂದ ಹೇನು ಮೊದಲು ಅದನ್ನು ಚುಚ್ಚಿ ಬಾಯಿಯ ನಂಜನ್ನು ಅಲ್ಲಿಯೇ ಕಳೆದುಕೊಳ್ಳುವುದು. ಕುಂಬಳ, ಸೌತೆಗಳೂ ಈ ನಂಜಿಗೆ ಆಶ್ರಯವಾಗುವುದರಿಂದ ನಡುವೆ ಅವು ಸಲ್ಲವು. ಬುಡದಲ್ಲಿ ನೀರು ನಿಲ್ಲಗೊಡಬಾರದು. ಅದರಿಂದ ಬರುವ ಬುಡಕೊಳೆ ಬೇರೆಯೇ ರೋಗ.

ಕಷ್ಟವಾದುದು ಕೀಳುವ ಕೆಲಸ. ಮಗುವಿನಂತೆ ನೀರೆರೆದು ಸಾಕಿದ ಗಿಡದಲ್ಲಿ ಮೊದಲ ಲಕ್ಷಣ ಕಂಡೊಡನೆ ಬುಡಸಹಿತ ಕಿತ್ತು ಹೂಳಲು ಗೃಹಿಣಿಯ ಕೈ ಬಾರದು. ನಾಲ್ಕು ಕಾಯಿಯಾದರೂ ಆಗಲೆಂದು ಉಳಿಸುವರು. ಆ ನಾಲ್ಕು ಕಾಯಿಗಾಗಿ ನೆರೆಯ ಹಿತ್ತಿಲೂ, ಮಾಗಡಿ ರಸ್ತೆಯ ಆಚೆ ಸಾಲ ಮಾಡಿ ತೋಟವಿಟ್ಟ ಒಕ್ಕಲಿನ ಗಿಡಗಳೂ ನಂಜಿಗೆ ಈಡಾಗಬಹುದು. ಕಿತ್ತ ಕುಳಿಯಲ್ಲಿ ಮತ್ತೆ ಸಸಿಯನ್ನು ನೆಡಲು ಅಡ್ಡಿಯಿಲ್ಲ. ಈ ನಂಜು ಮಣ್ಣಿನಲ್ಲಿ ಉಳಿಯುವುದಿಲ್ಲ.